ಅರವತ್ತಮೂರು ಮುದ್ದೆ

ಮುದ್ದೆಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ನನಗಿತ್ತು. ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿ, ಚಳ್ಳಕೆರೆಗೆ ಮದುವೆಯಾಗಿ ಬಂದು, ಇಪ್ಪತ್ತೆರಡು ವರ್ಷ ದಿನಕ್ಕೆರಡು ಹೊತ್ತು ಹಿಟ್ಟು ತೊಳಸಿದವಳು ನಾನು. ಅಂಥವಳ ಮಾನ ತೊಂಬತ್ತರ ದಶಕದ ಕೊನೆಯ ಒಂದು ಶ್ರಾವಣ ಸೋಮವಾರ, ತವರೂರಿನ ಜನರೆಲ್ಲರ ಸಮಕ್ಷಮದಲ್ಲಿ, ಮುದ್ದೆಯಿಂದಲೇ ಹೋಯಿತು!

ಇದು ಅರ್ಥವಾಗಬೇಕಾದರೆ ಮೊದಲು ನನ್ನ ತವರಿನವರ ವಿಷಯ ಹೇಳಬೇಕು. ಬೇರೆ ಮನೆತನಗಳಲ್ಲಿ ಮೆಳ್ಳಗಣ್ಣೋ ಸಕ್ಕರೆ ಕಾಯಿಲೆಯೋ ಬರುವ ಹಾಗೆ ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣ ಬರುತ್ತದೆ. ಇದನ್ನು ನಾವು ಪವಾಡ ಎಂದುಕೊಂಡವರಲ್ಲ. ನಮ್ಮಪ್ಪನೊಂದಿಗೆ ಶೇಂಗಾ ಮಾತಾಡುತ್ತದೆ. ಒಂದು ಹಿಡಿ ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಇದರಲ್ಲಿ ಎಣ್ಣೆ ಎಷ್ಟು, ಜೊಳ್ಳೆಷ್ಟು, ಯಾರ ಹೊಲದ್ದು, ಆ ಹೊಲದವರು ಗಂಡ ಹೆಂಡತಿ ಮಾತಾಡುತ್ತಿದ್ದಾರೋ ಬಿಟ್ಟಿದ್ದಾರೋ, ಎಲ್ಲ ಹೇಳುತ್ತಿದ್ದರು. ಚಳ್ಳಕೆರೆ ಎಣ್ಣೆ ಮಿಲ್ಲಿನವರು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದ ಒಬ್ಬ ಗುಮಾಸ್ತರೇ ಆಮೇಲೆ ನನ್ನ ಯಜಮಾನರಾದರು.

ಸೋದರತ್ತೆಯ ಗುಣ ಬೇರೆ. ಅವಳ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ರೂಢಿಯೇ ಇರಲಿಲ್ಲ. ಪಾತ್ರೆಯ ಮುಂದೆ ನಿಂತು ಮಾವನನ್ನು ಹತ್ತು ನಿಮಿಷ ಬೈದರೆ ಸಾಕು, ಗಟ್ಟಿ ಮೊಸರು! ಅಣ್ಣ ರುದ್ರೇಶನಿಗೆ ಕಳೆದುಹೋದ ವಸ್ತುಗಳು ತಾವಾಗಿ ಬಂದು ಸೇರುತ್ತವೆ. ಯಾರದೋ ಬೀಗದ ಕೈ, ಯಾರದೋ ಚಪ್ಪಲಿ, ಒಮ್ಮೆ ರಾಂಪುರದ ಯಾರದೋ ಮೇಕೆ. ಅವನ ಜೇಬಿನಲ್ಲಿ ಅವನದೊಂದು ಬಿಟ್ಟು ಊರಿನ ಎಲ್ಲರ ಕೀಲಿಗಳೂ ಇರುತ್ತವೆ.

ಇವರೆಲ್ಲರಿಗಿಂತ ಮಿಗಿಲಾದವಳು ಅವ್ವ. ಇವತ್ತು ಮನೆಗೆ ಎಷ್ಟು ಜನ ಉಣ್ಣಲು ಬರುತ್ತಾರೆ ಎಂಬುದು ಅವ್ವನಿಗೆ ಮೊದಲೇ ಗೊತ್ತಾಗುತ್ತಿತ್ತು. ಹಿಟ್ಟು ತೊಳಸುವಾಗ ಎಡ ಅಂಗೈ ಜುಮ್ಮೆನ್ನುತ್ತಿತ್ತಂತೆ. ಅಷ್ಟೇ ಮುದ್ದೆ ಕಟ್ಟುತ್ತಿದ್ದಳು. ಅನ್ನ ಸಾಲದಿದ್ದರೆ ಇನ್ನೊಂದು ಸೇರು ಇಡಬಹುದು, ಸಾರಿಗೆ ನೀರುಂಟು. ಮುದ್ದೆ ಮಾತ್ರ ತಲೆಗೊಂದು. ಆ ಲೆಕ್ಕ ಅವ್ವನಿಗೆ ಒಂದು ದಿನವೂ ತಪ್ಪಿದ್ದಿಲ್ಲ. ಒಂದು ಸಲ ಮನೆಯಲ್ಲಿ ಆರು ಜನ ಇದ್ದಾಗ ಇಪ್ಪತ್ತೈದು ಮುದ್ದೆ ಕಟ್ಟಿಟ್ಟಳು. "ಏನಲೇ, ದಂಡು ಬರ್ತೈತಾ?" ಎಂದು ಅಪ್ಪ ಕೇಳಿದರು. ಸ್ವಲ್ಪ ಹೊತ್ತಿಗೆ ಊರ ಮುಂದೆ ಬಸ್ಸೊಂದರ ಅಚ್ಚು ಮುರಿಯಿತು. ಹದಿನೆಂಟು ಜನ ಇಳಿದು ಬಂದು ಉಂಡರು. ಒಂದು ಮುದ್ದೆ ಉಳಿಯಿತು, ಅವ್ವ ಸೋತಳು ಎಂದು ನಾವು ನಗುವಷ್ಟರಲ್ಲಿ, ಬಸ್ಸಿನ ಕೆಳಗೆ ಮಲಗಿದ್ದ ಡ್ರೈವರ್ ಕೈ ಒರೆಸಿಕೊಳ್ಳುತ್ತಾ ಬಂದ!

ನನಗೇನು ಗುಣ? ನನ್ನ ಹತ್ತಿರ ಎಸ್ಸೆಸ್ಸೆಲ್ಸಿ ಪಾಸಾದ ಕಾಗದವಿತ್ತು.

ಮದುವೆಯಾದ ಮೇಲೆ ನಾನು ಊರಿಗೆ ಎಂದೂ ಹೇಳಿ ಹೋದವಳಲ್ಲ. ಮನಸ್ಸಾದ ದಿನ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ, ಮೊಳಕಾಲ್ಮೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಬಿಸಿಲಲ್ಲಿ ನಡೆದು ಹೊಸ್ತಿಲು ದಾಟಿದರೆ, ತಟ್ಟೆಯಲ್ಲಿ ನನ್ನ ಮುದ್ದೆ ಹಬೆಯಾಡುತ್ತಿತ್ತು. "ಬಂದ್ಯಾ? ಕಾಲು ತೊಳ್ಕಾ" ಎನ್ನುವುದಷ್ಟೇ ಅವ್ವನ ಮಾತು. ಅವಳು ತೀರಿಕೊಂಡ ಮೂರು ತಿಂಗಳಿಗೆ ಹಾಗೇ ಹೋದೆ. ಅತ್ತಿಗೆ ಎದ್ದು ಬಂದು, "ಅಯ್ಯೋ ಗಿರಿಜಾ, ಒಂದು ಮಾತು ಹೇಳಿ ಬರ್ಬಾರ್ದಾ? ಕೂತ್ಕಾ, ಹತ್ತು ನಿಮಿಷದಾಗೆ ಹಿಟ್ಟು ತೊಳಸ್ತೀನಿ" ಎಂದಳು. ಅತ್ತಿಗೆಯದೇನೂ ತಪ್ಪಿಲ್ಲ. ಹತ್ತು ನಿಮಿಷಕ್ಕೇ ತೊಳಸಿದಳು, ರುಚಿಯಾಗಿಯೇ ಇತ್ತು. ಆ ಹತ್ತು ನಿಮಿಷ ನಾನು ಪಡಸಾಲೆಯಲ್ಲಿ ನೆಂಟರ ಹಾಗೆ ಕೂತಿದ್ದೆ.

ಅವ್ವನ ಸೀರೆಗಳಲ್ಲಿ ನನ್ನ ಪಾಲಿಗೆ ಎರಡು ಬಂದಿದ್ದವು. ಅವುಗಳಲ್ಲಿದ್ದ ಅವಳ ವಾಸನೆ ಕೂಡ ಅಷ್ಟು ಹೊತ್ತಿಗೆ ಹೋಗಿತ್ತು.

ಇಂಥ ಹೊತ್ತಿನಲ್ಲಿ ಅಣ್ಣನ ಫೋನು ಬಂತು.

"ಗಿರಿಜಾ, ಅವ್ವನ ಗುಣ ಯಾರಿಗಾದ್ರೂ ಬಂದಿರ್ಬೇಕಲ್ಲ? ನಂಗಂತೂ ಬಂದಿಲ್ಲ. ಮೊನ್ನೆ ನಮ್ಮ ಮಾವನ ಮನೆಯೋರು ಏಳು ಜನ ಬಂದು ಅರ್ಧ ಹೊಟ್ಟೇಲಿ ಎದ್ದು ಹೋದ್ರು."

"ನಂಗೂ ಏನೂ ಗೊತ್ತಾಗಿಲ್ಲಣ್ಣ."

"ಅಂಗೈ ಸರಿಯಾಗಿ ನೋಡ್ಕಾ! ಇರೋ ಮಗಳು ನೀನೊಬ್ಳೇ. ನಿಂಗೇ ಬಂದಿರ್ಬೇಕು."

ಹೀಗೆ ನಾನು ಅವಿರೋಧವಾಗಿ ಆಯ್ಕೆಯಾದೆ. ನಗೆಯ ಮಾತು ಹಾಗಿರಲಿ. ಫೋನಿಟ್ಟ ಮೇಲೆ ನನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಸೀರೆಯ ವಾಸನೆ ಹೋಗುತ್ತದೆ. ಗುಣ ಹೋಗುವಂಥದಲ್ಲ. ಅದೊಂದು ಬಂದುಬಿಟ್ಟರೆ ಅವ್ವ ನನ್ನ ಕೈಯೊಳಗೇ ಇದ್ದ ಹಾಗೆ.

ಮಾರನೆಯ ದಿನವೇ ಅಂಗೈ ಜುಮ್ಮೆಂದಿತು! "ರೀ, ನಾಲ್ಕು ಜನ ಬರ್ತಾರೆ" ಎಂದು ಘೋಷಿಸಿ ನಾಲ್ಕು ಮುದ್ದೆ ಹೆಚ್ಚಿಗೆ ಕಟ್ಟಿದೆ. ಒಂದು ನರಪಿಳ್ಳೆಯೂ ಬರಲಿಲ್ಲ. ನಮ್ಮವರು ಎರಡು ದಿನ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದರು. ಪಕ್ಕದ ಮನೆಯ ಶಾರದಕ್ಕ ನನ್ನ ಕೈ ತಿರುಗಿಸಿ ನೋಡಿ, "ಗುಣ ಅಲ್ಲ ಕಣೇ, ಬಟ್ಟೆ ಸೋಪಿನ ಪುಡಿ ಬದ್ಲಾಯಿಸು" ಎಂದಳು. ಪುಡಿ ಬದಲಾಯಿಸಿದೆ, ಜುಮ್ಮೆನ್ನುವುದು ನಿಂತಿತು. ನಿಂತ ಮೂರನೆಯ ದಿನ ನಮ್ಮವರ ಕಡೆಯ ಆರು ಜನ ಹೇಳದೆ ಕೇಳದೆ ಬಂದಿಳಿದರು!

ಆ ದಿನ ನಾನು ಅಡಿಗೆ ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಬಂದವರಿಗೆ ಮುದ್ದೆ ಸಾಲಲಿಲ್ಲ ಎಂದಲ್ಲ. ಕೈ ಖಾಲಿ ಎಂದು ಅತ್ತೆ. ನಮ್ಮವರು ಬಾಗಿಲ ಸಂದಿಯಿಂದ ನೋಡಿದರು.

ಅಲ್ಲಿಂದ ಹದಿನೈದು ದಿನಕ್ಕೆ ಸರಿಯಾಗಿ ನನಗೆ ಗುಣ ಬಂತು.

ಬೆಳಿಗ್ಗೆ ಹಿಟ್ಟು ತೊಳಸುವಾಗ ಯಾಕೋ "ಮೂರು" ಅನಿಸಿತು. ಹಾಗೆಂದು ನಮ್ಮವರಿಗೆ ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಮಿಲ್ಲಿನಿಂದ ಬರುವಾಗ ಹಿಂದೆ ಮೂರು ಜನ! ನನಗೆ ಮೈ ಜುಮ್ಮೆಂದಿತು. ಮುಂದಿನ ವಾರ "ಐದು" ಎಂದೆ, ಐದು. "ಇಬ್ಬರು" ಎಂದೆ, ಇಬ್ಬರು. ಬಂದವರು ಯಾರೋ ಗುರುತಿನವರಲ್ಲ. ಒಬ್ಬ ಸೈಕಲ್ ಷಾಪಿನವನು, ಒಬ್ಬ ಬಸ್ ಕಂಡಕ್ಟರು, ಸಂತೆಗೆ ಕಂಬಳಿ ತಂದ ದೊಡ್ಡೇರಿಯ ಇಬ್ಬರು. ಉಂಡು, ಕೈತೊಳೆದು, ನಮ್ಮವರ ಮುಖ ನೋಡಿ ನಗುತ್ತಾ ಹೋಗುತ್ತಿದ್ದರು. ನಾನು ಅದನ್ನು ತೃಪ್ತಿಯ ನಗು ಎಂದು ತಿಳಿದೆ. ಮನುಷ್ಯರು ನಂಬಬೇಕೆಂದು ಹೊರಟರೆ ಕಣ್ಣೆದುರಿನ ಆನೆಯೂ ಕಾಣುವುದಿಲ್ಲ.

ಅಣ್ಣನಿಗೆ ಫೋನು ಮಾಡಿದೆ. ಅವನು ಕುಣಿದಾಡಿದ. ನಾಲ್ಕು ತಿಂಗಳಲ್ಲಿ ಅವ್ವನ ಗುಣ ಗಿರಿಜಮ್ಮನಿಗೆ ಬಂದಿರುವ ಸುದ್ದಿ ದೇವಸಮುದ್ರದವರೆಗೂ ಹೋಯಿತು.

ಅವ್ವ ಹೋದ ವರ್ಷಕ್ಕೆ ಮಾಡುವ ಗಣಾರಾಧನೆಯ ಊಟ ಶ್ರಾವಣ ಸೋಮವಾರಕ್ಕೆ ಬಿತ್ತು. ಹೋಳಿಗೆ ಇದ್ದೇ ಇರುತ್ತದೆ, ಆದರೆ ಅವ್ವನ ಹೆಸರಿಗೆ ಮುದ್ದೆಯೂ ಆಗಲೇಬೇಕು, ಗಿರಿಜ ಎಷ್ಟು ಹೇಳುತ್ತಾಳೋ ಅಷ್ಟೇ ಆಗಬೇಕು ಎಂದು ಅಣ್ಣ ಹಠ ಹಿಡಿದ. ನಾವು ಹಿಂದಿನ ದಿನವೇ ಹೋದೆವು. ಅಪ್ಪ ತುಂಬಾ ಇಳಿದುಹೋಗಿದ್ದರು. ಊಟಕ್ಕೆ ಕೂತರೆ ಅರ್ಧ ಮುದ್ದೆ ಮುರಿದು ಹಾಗೇ ಏಳುತ್ತಾರೆ ಎಂದು ಅತ್ತಿಗೆ ಹೇಳಿದಳು. ನನ್ನನ್ನು ಕಂಡು ಅವರು "ಬಂದ್ಯಾ" ಅಂದರು, ನನ್ನ ಎಡಗೈ ಕಡೆ ಒಂದು ಸಲ ನೋಡಿ ತಿರುಗಿಕೊಂಡರು. ಅವ್ವನ ನೆನಪಾಗಿರಬೇಕು, ನಾಳೆ ನನ್ನ ಮುದ್ದೆ ನೋಡಿ ಸಮಾಧಾನವಾದೀತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ದೊಡ್ಡ ಹಂಡೆಯ ಮುಂದೆ ನಿಂತೆ. ಅಣ್ಣ, ಅತ್ತಿಗೆ, ಪೂಜೆಗೆ ಬಂದ ಅಯ್ಯನವರು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದೆ. ಅಂಗೈ ಏನೂ ಹೇಳಲಿಲ್ಲ. ಆದರೆ ಇಷ್ಟು ಜನ ನೋಡುತ್ತಿರುವಾಗ ಏನಾದರೂ ಹೇಳದೆ ಇರಲಾದೀತೇ?

"ಅರವತ್ತಮೂರು."

"ಅರವತ್ಮೂರು ಪುರಾತನರು!" ಎಂದು ಅಣ್ಣ ಕೈಮುಗಿದ. "ನೋಡ್ರಿ ಅಯ್ನೋರೆ, ಹೆಂಗೆ ಬಂತು ಬಾಯಾಗೆ!"

ಹೇಗೆ ಬಂತೆಂದರೆ, ಎದುರಿಗೆ ಗೋಡೆಯ ಮೇಲೆ ಅರವತ್ತಮೂರು ಪುರಾತನರ, ಆ ಹಳೆಯ ಶಿವಭಕ್ತರ, ಪಟವಿತ್ತು. ಇದನ್ನು ನಾನು ಇವತ್ತು ಬರೆಯುತ್ತಿದ್ದೇನೆ. ಅವತ್ತು ನನಗೆ ನಾನೇ ಹೇಳಿಕೊಂಡಿರಲಿಲ್ಲ. ನಮ್ಮವರ ಮುಖ ಮಾತ್ರ ಬಿಳಿಚಿಕೊಂಡಿತು. ಸೆಕೆಯಿರಬೇಕು ಎಂದುಕೊಂಡೆ.

ಹನ್ನೆರಡಕ್ಕೆ ಅರವತ್ತಮೂರು ಮುದ್ದೆ ಸಾಲಾಗಿ ಕೂತವು. ಹನ್ನೆರಡೂವರೆ ಆಯಿತು. ಒಂದಾಯಿತು. ಅಂಗಳದಲ್ಲಿ ಎಲೆ ಹಾಕಿ ಕಾಯುತ್ತಿದ್ದರೆ ಒಂದು ನೊಣ ಬಿಟ್ಟು ಯಾರೂ ಬರಲಿಲ್ಲ. ಅಯ್ಯನವರು ಆಕಳಿಸಿದರು. ಮುದ್ದೆಗಳ ಮೇಲೆ ಸಿಪ್ಪೆ ಕಟ್ಟತೊಡಗಿತು.

ನಮ್ಮೂರಿನಲ್ಲಿ ಊಟಕ್ಕೆ ಎರಡು ಸಲ ಕರೆಯಬೇಕು. ಹಿಂದಿನ ದಿನ ಮನೆಮನೆಗೆ ಹೋಗಿ "ನಾಳೆ ಮನೆ ಮಂದಿಯೆಲ್ಲ ಬರ್ರಿ, ಒಲೆ ಹಚ್ಚಬ್ಯಾಡ್ರಿ" ಎನ್ನುವುದು ಮೊದಲ ಕರೆ. ಅಡಿಗೆಯಾದ ಮೇಲೆ ಮತ್ತೆ ಹೋಗಿ "ಎಲೆ ಹಾಕೀವಿ, ಏಳ್ರಿ" ಎನ್ನುವುದು ಎರಡನೆಯದು. ಎರಡನೆಯ ಕರೆ ಬಾರದೆ ಎದ್ದು ಬರುವವನು ಹೊಟ್ಟೆಬಾಕ ಎನಿಸಿಕೊಳ್ಳುತ್ತಾನೆ. ಊರಿಗೆ ಊರೇ ಒಲೆ ಹಚ್ಚದೆ, ಹಸಿದುಕೊಂಡು, ಮರ್ಯಾದೆಯಿಂದ ಮನೆಯೊಳಗೆ ಕೂತಿತ್ತು! ಎರಡನೆಯ ಸಲವೂ ಅಣ್ಣ ಕರೆದಿರುತ್ತಾನೆ ಎಂದು ನಾನಿದ್ದೆ. ಗುಣವಿರುವ ತಂಗಿ ಅರವತ್ತಮೂರು ಎಂದ ಮೇಲೆ ಹೋಗಿ ಕರೆಯುವುದು ಅವ್ವನಿಗೇ ಅವಮಾನ ಎಂದು ಅಣ್ಣನಿದ್ದ.

ಪೇಟೆಯಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ಈ ಎರಡನೆಯ ಕರೆಯ ವಿಷಯವೇ ಗೊತ್ತಿಲ್ಲ. ಅವರು ನನ್ನ ಮುಖ ನೋಡಿದರು, ಮುದ್ದೆಗಳನ್ನು ನೋಡಿದರು, ಎದ್ದು ಹೊರಗೆ ಹೋದರು. ಅಣ್ಣನ ಟ್ರ್ಯಾಕ್ಟರ್ ಹೊರಟ ಸದ್ದು ಕೇಳಿಸಿತು.

ಅತ್ತಿಗೆಗೆ ಒಂದೂಕಾಲಕ್ಕೆ ಜ್ಞಾನೋದಯವಾಯಿತು. "ರೀ, ಎಲ್ಡನೇ ಸಲ ಕರ್ದ್ರಾ?" ಎಂದಳು. ಅಣ್ಣ ನನ್ನ ಕಡೆ ಬೆರಳು ತೋರಿಸಿದ. "ಅಯ್ಯೋ ನಿಮ್ಮ ಗುಣಕ್ಕೆ ಬೆಂಕಿ ಬೀಳ!" ಎಂದು ಸೆರಗು ಸಿಕ್ಕಿಸಿಕೊಂಡು ಓಡಿದಳು.

ಮುಂದಿನದನ್ನೂ ಬರೆಯಲೇಬೇಕು. ಪೂರ್ವ ದಿಕ್ಕಿನ ಓಣಿಯಿಂದ ಹಸಿದ ಊರು ಹೊರಟು ಬಂತು, ಮುದುಕರು, ಬಾಣಂತಿಯರು, ಕಂಕುಳ ಕೂಸುಗಳು ಸಹಿತ ಎಂಬತ್ತಕ್ಕೆ ಕಡಿಮೆಯಿಲ್ಲ. ಅದೇ ಗಳಿಗೆಯಲ್ಲಿ ಪಶ್ಚಿಮದಿಂದ ಧೂಳೆಬ್ಬಿಸುತ್ತಾ ಟ್ರ್ಯಾಕ್ಟರ್ ಬಂತು. ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಇಳಿದ ಯಾತ್ರಿಕರು ಟ್ರೈಲರ್ ತುಂಬಾ! ಸುಮಾರು ಅರವತ್ತು ಜನ. ಮುಂದೆ ಡ್ರೈವರ್ ಪಕ್ಕ ನಮ್ಮವರು, ಯುದ್ಧ ಗೆದ್ದು ಬಂದವರ ಹಾಗೆ.

"ಗಿರಿಜಾ! ಅರವತ್ಮೂರು ಅಂದ್ಯಲ್ಲ, ಹೆಚ್ಚು ಕಡಿಮೆ ಅಷ್ಟೇ ಅವ್ರೆ!" ಎಂದು ಅಲ್ಲಿಂದಲೇ ಕೂಗಿದರು. ಆಮೇಲೆ ಎದುರು ಓಣಿಯಿಂದ ಬರುತ್ತಿದ್ದ ಜನವನ್ನು ನೋಡಿದರು. ಮೆಲ್ಲಗೆ ಕೆಳಗಿಳಿದರು.

"ಯಾರ್ರೀ ಇವರು?" ಎಂದೆ.

"ಬೆಟ್ಟದ ಕೆಳಗೆ ಕೂತಿದ್ರು. ಊಟ ಐತೆ ಬರ್ರಿ ಅಂದೆ."

"ನೀವ್ಯಾಕೆ ಕರ್ಯಾಕೆ ಹೋದ್ರಿ?"

"ಇನ್ನೇನು ಮಾಡ್ಲಿ?" ಎಂದವರು ಇಡೀ ಅಂಗಳ ಕೇಳುವ ಹಾಗೆ ದನಿ ಎತ್ತರಿಸಿದರು. "ಮೂರು ಅಂದಾಗ ಮೂರು ಜನ ತಂದೆ, ಐದು ಅಂದಾಗ ಐದು ತಂದೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಾಗೆ ನನ್ನ ಕಂಡ್ರೆ ಜನ 'ಇವತ್ತು ಎಷ್ಟು ಬೇಕು ಗುಮಾಸ್ತರೇ' ಅಂತಾರೆ! ಒಮ್ಮಿಂದೊಮ್ಮೆಲೆ ಅರವತ್ಮೂರು ಅಂದ್ರೆ ಎಲ್ಲಿಂದ ತರ್ಲೇ ನಾನು?"

ಮೊದಲು ಅಯ್ಯನವರು ನಕ್ಕರು. ಆಮೇಲೆ ಊರು ನಕ್ಕಿತು. ಕನ್ನಡ ಬಾರದ ಯಾತ್ರಿಕರು ಕೂಡ ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಂಡು ಎರಡನೆಯ ಪಂಕ್ತಿಯಲ್ಲಿ ನಕ್ಕರು.

ಅರವತ್ತಮೂರು ಮುದ್ದೆ, ನೂರ ನಲವತ್ತು ಬಾಯಿ. ಹೋಳಿಗೆಯನ್ನೂ ಅಣ್ಣ ಅರವತ್ತಮೂರೇ ಮಾಡಿಸಿದ್ದ. ಯಾರ ಮನೆಯಲ್ಲೂ ಒಲೆ ಹಚ್ಚಿಲ್ಲ, ಒಂದು ತುತ್ತು ಕಡ ತರಲು ಗತಿಯಿಲ್ಲ. ಇದು ಸಾಲದೆಂದು ಆ ನೂಕುನುಗ್ಗಲಿನಲ್ಲಿ ಎಲ್ಲರೂ ಬಿಟ್ಟ ಚಪ್ಪಲಿಗಳು ಕಳೆದುಹೋಗಿ, ಅಣ್ಣನ ಸುತ್ತ ಬಂದು ಗುಡ್ಡೆ ಬಿದ್ದವು. ಅವನು ಮೊಣಕಾಲುದ್ದ ಚಪ್ಪಲಿಯಲ್ಲಿ ಸಿಕ್ಕಿಕೊಂಡು "ಯಾರಾದ್ರೂ ಎತ್ರಲೇ ನನ್ನ!" ಎಂದು ಕೂಗುತ್ತಿದ್ದ. ನಾನು ಮುದ್ದೆಗಳನ್ನು ಅರ್ಧ ಮಾಡಿದೆ. ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಕೊನೆಗೆ ಅವು ಮುದ್ದೆಯಾಗಿ ಉಳಿಯದೆ ಗೋಲಿಗಳಾದವು!

ಆಗ ಯಾತ್ರಿಕರಲ್ಲಿ ಒಬ್ಬ ದಪ್ಪ ಹೆಂಗಸು ತನ್ನ ಮಡಿಲಿನ ಗಂಟು ಬಿಚ್ಚಿದಳು. ಆಂಧ್ರದ ಕಡೆಯವಳು. ಒಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಬೆಟ್ಟಕ್ಕೆ ಬರುವವರು ಬುತ್ತಿ ಇಲ್ಲದೆ ಬರುತ್ತಾರೆಯೇ? ಒಬ್ಬರ ಹಿಂದೊಬ್ಬರು ಗಂಟು ಬಿಚ್ಚಿದರು. ಊಟಕ್ಕೆ ಕರೆಸಿಕೊಂಡವರೇ ಎದ್ದು ನಿಂತು, ಕರೆದವರಿಗೆ ಬಡಿಸತೊಡಗಿದರು. ಆ ಹೆಂಗಸು "ತಿನಮ್ಮಾ, ತಿನು" ಎಂದು ನನ್ನ ಕೈಗೂ ಒಂದು ರೊಟ್ಟಿ ಹಾಕಿದಳು. ನಮ್ಮವ್ವನ ಗಣಾರಾಧನೆಯಲ್ಲಿ, ನಮ್ಮವ್ವನ ಅಂಗಳದಲ್ಲಿ, ಅವ್ವನ ಗುಣದ ಏಕಮಾತ್ರ ವಾರಸುದಾರಳು ಬೇರೆಯವರ ಬುತ್ತಿ ತಿಂದಳು!

ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದಾಗ ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ ಅಪ್ಪ ನಗುತ್ತಿದ್ದರು. ಒಂದು ವರ್ಷದಿಂದ ನಗದವರು, ಕಣ್ಣಲ್ಲಿ ನೀರು ಬರುವ ಹಾಗೆ. ಎಲೆಯಲ್ಲಿ ಮೂರನೆಯ ರೊಟ್ಟಿ ಮುಗಿಯುತ್ತಾ ಬಂದಿತ್ತು. "ಇನ್ನೊಂದು ಹಾಕಮ್ಮಾ" ಎಂದು ಆ ಹೆಂಗಸನ್ನು ಕರೆದರು.

ಜನವೆಲ್ಲ ಚಪ್ಪಲಿ ಹುಡುಕಿಕೊಂಡು ಹೋದ ಮೇಲೆ, ಬಿಸಿಲಿಳಿಯುವ ಹೊತ್ತಿಗೆ ಹಿತ್ತಲಿನಲ್ಲಿ ಹಂಡೆ ತಿಕ್ಕುತ್ತಿದ್ದೆ. ಅಪ್ಪ ಬಂದು ಕಲ್ಲಿನ ಮೇಲೆ ಕೂತರು.

"ಬೇಜಾರಾತಾ ತಾಯೀ?"

"ಮಾನ ಹೋತಲ್ಲಪ್ಪ."

"ಮಾನ ಹೋಗ್ಲಿ ಬಿಡು, ಬರ್ತೈತೆ ಹೋಗ್ತೈತೆ. ನಿಂಗೆ ಗುಣ ಬಂದಿಲ್ಲ ತಾನೇ? ಖರೆ ಹೇಳು."

"ಇಲ್ಲಪ್ಪ."

ಅಪ್ಪ ದೊಡ್ಡದಾಗಿ ಉಸಿರು ಬಿಟ್ಟರು. "ನಿಮ್ಮವ್ವ ಹೋದ ದಿನ ಮಧ್ಯಾಹ್ನ ಮನೇಲಿ ಆರು ಜನ ಇದ್ವಿ. ಐದು ಮುದ್ದೆ ಕಟ್ಟಿದ್ಲು. ಯಾಕಲೇ ಒಂದು ಕಮ್ಮಿ ಅಂದೆ. ಅಂಗೈ ನೋಡ್ಕೊಂಡ್ಲು. ಐದೇ ಅಂತೈತೆ ಕಣ್ರಿ ಅಂದ್ಲು. ಎಲ್ರಿಗೂ ಬಡಿಸಿ, ಕೈ ತೊಳ್ಕೊಂಡು, ಹೋಗಿ ಮಲಗಿದ್ಲು. ಅಷ್ಟೇ."

ನಾನು ತಿಕ್ಕುವುದನ್ನು ನಿಲ್ಲಿಸಿದೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

"ನಿಂಗೆ ಬಂದೈತೆ ಅಂತ ರುದ್ರೇಶ ಊರೆಲ್ಲ ಸಾರಿದ. ಅವತ್ತಿಂದ ನಂಗೆ ಅನ್ನ ಸೇರಿಲ್ಲ. ಒಂದಿನ ನಿನ್ನ ಮನೇಲೂ ಒಂದು ಕಮ್ಮಿ ಅಂತ ಆ ಕೈ ಹೇಳಿದ್ರೆ, ನೀನು ಹೆಂಗೆ ತಡ್ಕೊಳ್ತೀಯಾ ಅಂತ. ಇವತ್ತು ನೋಡಿದ್ನಲ್ಲ! ಹತ್ತಲ್ಲ ಇಪ್ಪತ್ತಲ್ಲ, ಒಂದು ಊರು ತಪ್ಪಿದ್ಯಾ!" ಎಂದು ಮತ್ತೆ ನಕ್ಕು, ನನ್ನ ಎಡಗೈಯನ್ನು ಬೂದಿ ಸಮೇತ ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ಅಳು ಬರಬೇಕಾಗಿತ್ತು, ಬಂತು ಕೂಡ. ಆದರೆ ಮಗಳ ಅಯೋಗ್ಯತೆ ಕಂಡು ಇಷ್ಟು ಸಂತೋಷಪಟ್ಟ ತಂದೆ ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಎಂದು ಅಳುತ್ತಲೇ ಅನಿಸಿತು.

ಚಳ್ಳಕೆರೆಗೆ ಬಂದ ಮೇಲೆ ನಮ್ಮವರು ಜನ ತರುವುದನ್ನು ನಿಲ್ಲಿಸಿದ್ದಾರೆ. ಈಗ ನಮ್ಮ ಮನೆಗೆ ಯಾರು ಯಾವಾಗ ಬರುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅಷ್ಟು ಮುದ್ದೆ ಕಟ್ಟಿಟ್ಟು ಸುಮ್ಮನೆ ಕೂರುತ್ತಿದ್ದೆ. ಗೊತ್ತಿಲ್ಲದವಳಿಗೆ ಬಾಗಿಲು ನೋಡುವ ಕೆಲಸವೊಂದು ಉಳಿದಿದೆ. ಮೊಳಕಾಲ್ಮೂರು ಕಡೆಯ ಬಸ್ಸು ಹನ್ನೆರಡೂವರೆಗೆ ಬರುತ್ತದೆ. ಅದು ಬಂದ ಸದ್ದಾದರೆ ಹೊಸ್ತಿಲಿಗೆ ಬಂದು ನಿಲ್ಲುತ್ತೇನೆ. ಯಾರು ಬೇಕಾದರೂ ಇಳಿಯಬಹುದು. ಯಾರು ಇಳಿಯುವುದಿಲ್ಲ ಎಂದು ನನ್ನ ಕೈ ಹೇಳುವುದಿಲ್ಲವಲ್ಲ.

ಮೊನ್ನೆ ಹಾಗೆ ನಿಂತಿದ್ದೆ. ಎಷ್ಟು ಹೊತ್ತಾಯಿತೋ. ಒಳಗಿನಿಂದ ನಮ್ಮವರು ಕೂಗಿದರು.

"ಲೇ ಗಿರಿಜಾ, ಬರೋರು ಬರ್ಲಿ, ಒಲೆ ಮ್ಯಾಲಿನ ಸಾರು ತಳ ಹಿಡೀತಾ ಐತೆ!"

ಹೋಗಿ ನೋಡಿದೆ. ಹಿಡಿದಿತ್ತು.